ಏಳಣ್ಣನಿಗೆ ತಂದ ಬಾತುಕೋಳಿಗಳು

ಥೋಯ್‌ಗೆ ಸೈಗಾನ್ ಪಟ್ಟಣ ಚೆನ್ನಾಗಿ ಗೊತ್ತು ಎಂಬುದು ನಮ್ಮ ಬಾತುದಿಣ್ಣೆಯಲ್ಲಿ ಎಲ್ಲರಿಗೂ ತಿಳಿದ ಸಂಗತಿಯಾಗಿತ್ತು. ತಿಳಿಯದೆ ಇರಲು ಅವನು ಯಾರನ್ನೂ ಬಿಟ್ಟಿರಲಿಲ್ಲ. ದೋಣಿ ಕಟ್ಟುವಾಗ, ಬಲೆ ಹೆಣೆಯುವಾಗ, ಕೊನೆಗೆ ಸಾವಿನ ಮನೆಯಲ್ಲಿ ಗಂಜಿ ಕುಡಿಯುವಾಗಲೂ ಅವನ ಮಾತು "ನಾನು ಸೈಗಾನಿನಲ್ಲಿದ್ದಾಗ" ಎಂದೇ ಶುರುವಾಗುತ್ತಿತ್ತು. ಯಾವಾಗ ಇದ್ದದ್ದು, ಎಲ್ಲಿ ಇದ್ದದ್ದು ಎಂದು ಯಾರಾದರೂ ಕೇಳಿದರೆ ಆ ಗಳಿಗೆಗೆ ಸರಿಯಾಗಿ ಅವನಿಗೆ ಕೆಮ್ಮು ಬರುತ್ತಿತ್ತು.

ನಮ್ಮ ನದೀಸೀಮೆಯಲ್ಲಿ ಮನುಷ್ಯನನ್ನು ಹೆಸರು ಹಿಡಿದು ಕೂಗಿದರೆ ಬೈದ ಹಾಗೆ. ಹುಟ್ಟಿದ ಸರದಿ ಹಿಡಿದು ಕರೆಯಬೇಕು. ಚೊಚ್ಚಲು ಮಗುವಿನ ಮೇಲೆ ದೆವ್ವಗಳಿಗೆ ಕಣ್ಣು ಜಾಸ್ತಿ ಎಂದು ಅದನ್ನು ಒಂದು ಅನ್ನದೆ ಎರಡು ಎಂದೇ ಶುರು ಮಾಡುತ್ತೇವೆ. ಆಮೇಲೆ ಮೂರು, ನಾಲ್ಕು, ಐದು, ದೇವರು ಕೊಟ್ಟಷ್ಟು. ಗಂಡ ಆರಣ್ಣನಾದರೆ ಹೆಂಡತಿ ಆರಕ್ಕ. ಕಾಗದದ ಮೇಲಿನ ಹೆಸರು ಸರ್ಕಾರಕ್ಕೆ ಮತ್ತು ಗೋರಿಕಲ್ಲಿಗೆ. ಥೋಯ್ ಮಾತ್ರ ತನ್ನನ್ನು ನಾಲ್ಕಣ್ಣ ಅನ್ನಬಾರದೆಂದೂ, ಪಟ್ಟಣದಲ್ಲಿ ನಾಲ್ಕಕ್ಷರ ಓದಿದವರು ಹೆಸರು ಹಿಡಿದೇ ಕರೆಯುತ್ತಾರೆಂದೂ ಹಟ ಹಿಡಿದು ಊರವರ ಬಾಯಲ್ಲಿ ಥೋಯ್ ಆಗಿದ್ದ. ಊರವರಿಗೆ ಬೈದಷ್ಟೇ ಸುಖ ಸಿಗುತ್ತಿದ್ದರಿಂದ ಯಾರೂ ತಕರಾರು ಮಾಡಲಿಲ್ಲ.

ಅವನ ಜೀವದ ಗೆಳೆಯ ಎಂಟಣ್ಣ ಬಾತುಕೋಳಿ ಸಾಕುವವನು. ಬಾತುಗಳು ಹೋದ ಕಡೆ ಹೋಗಿ, ಅವು ನಿಂತ ಕಡೆ ನಿಂತು ಅಭ್ಯಾಸವಾಗಿದ್ದ ಪ್ರಾಣಿ. ಬದುಕಿನಲ್ಲಿ ಒಂದೇ ಒಂದು ಸಲ ಅವನು ಮುಂದೆ ನುಗ್ಗಿದ್ದ. ಅಪ್ಪನ ತಿಥಿಯ ಊಟದಲ್ಲಿ ದೇವರ ಗೂಡಿಗಿಟ್ಟ ಮೇಲೆ ಅಣ್ಣನಿಗೆ ಸಲ್ಲಬೇಕಾದ ಅಕ್ಕಿಹೆಂಡದ ಮೊದಲ ಲೋಟವನ್ನು, ಆಗಲೇ ತಲೆಗೇರಿದ್ದರಿಂದ, ತಾನೇ ಎತ್ತಿ ಗಟಗಟ ಕುಡಿದುಬಿಟ್ಟಿದ್ದ. ಅಣ್ಣ ಎಂದರೆ ಏಳಣ್ಣ. ಮಿಕ್ಕ ಒಡಹುಟ್ಟಿದವರೆಲ್ಲ ಯುದ್ಧಕ್ಕೋ ನೀರಿಗೋ ಹೋಗಿ ಇವರಿಬ್ಬರೇ ಉಳಿದಿದ್ದರು. ಏಳಣ್ಣ ಒಂದು ಮಾತೂ ಆಡದೆ ಎದ್ದು, ಚಾಕು ಕತ್ತರಿ ಹರಿತ ಮಾಡುವ ತನ್ನ ಸಾಣೆಕಲ್ಲು ಹೆಗಲಿಗೇರಿಸಿ, ಸೈಗಾನ್ ದೋಣಿ ಹತ್ತಿದವನು ತಿರುಗಿ ಬಂದಿರಲಿಲ್ಲ. ಒಂದು ಲೋಟ ಹೆಂಡಕ್ಕೆ ಇಷ್ಟು ವರ್ಷದ ಮುನಿಸೇ ಎಂದು ಕೇಳುವವರು ಒಂದೋ ಅಣ್ಣನಾಗಿ ಹುಟ್ಟಿಲ್ಲ, ಇಲ್ಲವೇ ನಮ್ಮ ಸೀಮೆಯವರಲ್ಲ.

ಒಂದು ಬೆಳಿಗ್ಗೆ ಚಹಾದಂಗಡಿಯ ಫೋನು ಬಡಿದುಕೊಂಡಿತು. ಎಂಟಣ್ಣನಿಗೆ ಕರೆ. ಅವನು ಓಡಿಬಂದು ಎತ್ತಿದ. ಆ ಕಡೆ ಯಾರೋ ಹೆಂಗಸು, "ನಿಮ್ಮ ಏಳಣ್ಣನಿಗೆ ಕಾಯಿಲೆ ಜೋರಾಗಿದೆ. ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಸೈಗಾನಲ್ಲಿ ಹಳೇ ಗಿರಣಿ ಕಾಲುವೆ ಇದೆಯಲ್ಲ, ಅಲ್ಲಿ ಇಳಿದು ಆಮೇಲೆ..." ಎಂದಳು. ಪಕ್ಕದಲ್ಲಿ ಚಹಾ ಹೀರುತ್ತಿದ್ದ ಥೋಯ್ ಫೋನು ಕಿತ್ತುಕೊಂಡ.

"ಗಿರಣಿ ಕಾಲುವೆ ತಾನೇ? ಗೊತ್ತಮ್ಮಾ, ಗೊತ್ತು! ನಂಗೆ ಸೈಗಾನ್ ದಾರಿ ಹೇಳ್ತೀಯಾ? ಸುಮ್ನೆ ದುಡ್ಡು ದಂಡ ಮಾಡ್ಕೋಬೇಡ, ಇಡು!" ಎಂದು ಫೋನು ಕುಕ್ಕಿದ.

"ಲೋ, ಆಮೇಲೆ ಅಂದಳಲ್ಲೋ. ಆಮೇಲೆ ಏನು ಅಂತ ಕೇಳಬಾರದಾಗಿತ್ತಾ?" ಎಂದ ಎಂಟಣ್ಣ.

"ಆಮೇಲೆ ನಾನಿದೀನಲ್ಲ!" ಎಂದ ಥೋಯ್.

ಹೀಗೆ ಇಬ್ಬರೂ ಅವತ್ತಿನ ರಾತ್ರಿ ಬಸ್ಸಿಗೆ ಹೊರಟರು. ಎಂಟಣ್ಣನ ಬುಟ್ಟಿಯಲ್ಲಿ ಎರಡು ಕೊಬ್ಬಿದ ಬಾತುಕೋಳಿ, ಬಗಲಿನಲ್ಲಿ ಒಂದು ಶೀಸೆ ಅಕ್ಕಿಹೆಂಡ. ಅಣ್ಣನ ಮುಂದೆ ಮಂಡಿಯೂರಿ ಮೊದಲ ಲೋಟ ಅವನ ಕೈಗೆ ಕೊಡಬೇಕು, ಅಷ್ಟೇ ಅವನ ಆಸೆ. ಅಷ್ಟರಲ್ಲಿ ಆಗಬಾರದ್ದು ಆಗಿಹೋದರೆ ಊದುಬತ್ತಿ ಬಟ್ಟಲು ಹಿಡಿದು ಪೆಟ್ಟಿಗೆಯ ಮುಂದೆ ತಾನಾದರೂ ನಡೆಯಬೇಕು. ಏಳಣ್ಣನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ರಕ್ತ ಹಂಚಿಕೊಂಡವನು ಮುಂದೆ ನಡೆಯದಿದ್ದರೆ ಸತ್ತವನಿಗೆ ದಾರಿ ತಿಳಿಯುವುದಿಲ್ಲ, ದಿಕ್ಕಿಲ್ಲದ ಪ್ರೇತಗಳ ಜೊತೆ ಬೀದಿ ಅಲೆಯುತ್ತಾನೆ. ಇದರಲ್ಲಿ ನಮ್ಮವರ್‍ಯಾರಿಗೂ ಅನುಮಾನವಿಲ್ಲ. ಥೋಯ್ ಮಾತ್ರ ಚೂಪು ಮೂತಿಯ ಬೂಟು ಹಾಕಿಕೊಂಡು, ಎಂದೋ ನಿಂತುಹೋಗಿದ್ದ ಗಡಿಯಾರ ಕಟ್ಟಿಕೊಂಡು ಮದುವೆ ದಿಬ್ಬಣದವನಂತೆ ಬಸ್ಸಿನಲ್ಲಿ ಮುಂದೆ ಕೂತಿದ್ದ.

ಮಾರನೆಯ ಬೆಳಿಗ್ಗೆ ಬಸ್ಸು ಇಳಿದರೆ ಎದುರಿಗೆ ರಸ್ತೆ. ರಸ್ತೆಯಾಚೆ ಕಾಲುವೆ. ನಡುವೆ ಬೈಕುಗಳು. ಒಂದಾದ ಮೇಲೆ ಒಂದಲ್ಲ, ಎಲ್ಲವೂ ಒಟ್ಟಿಗೆ. ಮಂಚ ಹೊತ್ತ ಬೈಕು, ಹಂದಿ ಹೊತ್ತ ಬೈಕು, ಇಡೀ ಸಂಸಾರ ಹೊತ್ತ ಬೈಕು. ಎಂಟಣ್ಣ ಬುಟ್ಟಿ ಅಪ್ಪಿಕೊಂಡು ನಿಂತ. ಬಾತುಗಳು ಕೂಡ ಕೂಗುವುದನ್ನು ನಿಲ್ಲಿಸಿದವು.

"ದಾಟೋಣವೇನೋ?"

"ತಡಿ," ಎಂದ ಥೋಯ್, ನಿಂತ ಗಡಿಯಾರ ನೋಡಿಕೊಳ್ಳುತ್ತ. "ಇದು ದಾಟೋ ಹೊತ್ತಲ್ಲ."

"ದಾಟೋ ಹೊತ್ತು ಯಾವುದು?"

"ಪಟ್ಟಣದಲ್ಲಿ ಎಲ್ಲಕ್ಕೂ ಒಂದು ಹೊತ್ತು ಅಂತ ಇರುತ್ತೆ ಕಣೋ. ನಿಂಗೆ ಅರ್ಥ ಆಗಲ್ಲ."

ಆ ಹೊತ್ತಿಗಾಗಿ ಅವರು ಬಿಸಿಲಿನಲ್ಲಿ ಬಹಳ ಹೊತ್ತು ಕಾದರು. ಏಳಣ್ಣ ಉಸಿರು ಹಿಡಿದುಕೊಂಡು ಮಲಗಿರುವನೋ ಇಲ್ಲವೋ, ತಮ್ಮ ಇಲ್ಲಿ ಅಂಚಿನ ಮೇಲೆ ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಕೊನೆಗೆ ಲಾಟರಿ ಮಾರುವ ಮುದುಕಿಯೊಬ್ಬಳಿಗೆ ನೋಡಿ ನೋಡಿ ಬೇಸರವಾಯಿತು.

"ಏನ್ರಪ್ಪಾ, ಇಲ್ಲೇ ಬೇರು ಬಿಡ್ತೀರಾ?" ಎಂದು ಇಬ್ಬರ ಕೈಯನ್ನೂ ಹಿಡಿದಳು. "ಓಡಬೇಡಿ. ನಿಲ್ಲಬೇಡಿ. ಅವರ ಮುಖ ನೋಡಬೇಡಿ. ನೀವು ನಡೀತಾ ಇದ್ರೆ ಅವರೇ ಬಳಸ್ಕೊಂಡು ಹೋಗ್ತಾರೆ."

ಥೋಯ್ ಕಣ್ಣು ಮುಚ್ಚಿಕೊಂಡೇ ದಾಟಿದ. ಆಚೆ ದಡ ಮುಟ್ಟಿದ ಮೇಲೆ ಬೂಟಿನ ಧೂಳು ಕೊಡವಿ, "ನಮ್ಮ ಕಾಲದಲ್ಲಿ ನಿಲ್ಲಿಸೋರು. ಈಗಿನ ಹುಡುಗರಿಗೆ ಮರ್ಯಾದೆ ಇಲ್ಲ," ಎಂದ.

ಕಾಲುವೆಯ ದಂಡೆಯ ಮೇಲೆ ಓಣಿಗಳು, ಓಣಿಯೊಳಗೆ ಓಣಿಗಳು. ಎಂಟಣ್ಣ ಮೊದಲು ಕಂಡ ಹೆಂಗಸನ್ನು, "ಅಕ್ಕಾ, ನಮ್ಮ ಏಳಣ್ಣನ ಮನೆ..." ಎಂದು ಕೇಳಿದ. ಅವಳು ಓಣಿಯತ್ತ ತಿರುಗಿ, "ಏಳಣ್ಣನ್ನ ಕೇಳ್ತಿದಾರೆ ನೋಡಿ!" ಎಂದು ಕೂಗಿದಳು. ಗಡ್ಡ ಹೆರೆಯುತ್ತಿದ್ದ ಒಬ್ಬ, ಚದುರಂಗ ಆಡುತ್ತಿದ್ದ ಇನ್ನೊಬ್ಬ, ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದ ಮತ್ತೊಬ್ಬ, ಮೂರೂ ಜನ "ಯಾರು?" ಎಂದರು. ಆ ಓಣಿಯ ಅರ್ಧಕ್ಕರ್ಧ ಜನ ನದೀಸೀಮೆಯಿಂದ ಹೊಟ್ಟೆಪಾಡಿಗೆ ಬಂದವರು. ಏಳನೆಯವರು ಅಲ್ಲಿ ಬೇಕಾದಷ್ಟಿದ್ದರು.

"ಸಾಣೆ ಹಿಡಿಯೋ..." ಎಂದು ಎಂಟಣ್ಣ ಬಾಯಿ ತೆರೆದ. ಥೋಯ್ ಅವನ ಪಕ್ಕೆಗೆ ತಿವಿದ.

"ಶ್! ಪಟ್ಟಣದಲ್ಲಿ ಸಾಣೆ ಗೀಣೆ ಅನ್ನಬೇಡ. ತಿರುಕರು ಅಂದ್ಕೋತಾರೆ." ಆಮೇಲೆ ಗಂಟಲು ಸರಿಮಾಡಿಕೊಂಡು ಓಣಿಗೆಲ್ಲ ಕೇಳುವಂತೆ, "ನಾವು ಹುಡುಕ್ತಿರೋದು ನದೀಸೀಮೆಯ ದೊಡ್ಡ ಮನೆತನದ ಏಳಣ್ಣನವರನ್ನ. ಕಾಯಿಲೆಯಲ್ಲಿರೋರು," ಎಂದ.

ಚದುರಂಗದವನು ಕಾಯಿ ಕೆಳಗಿಟ್ಟ. "ಅಯ್ಯೋ ಪಾಪ, ನೀವು ಆ ಏಳಣ್ಣನ ಕಡೆಯವರಾ? ತಡವಾಯ್ತಲ್ಲ ಅಣ್ಣಾ. ನಿನ್ನೆಯೇ ಹೋಗಿಬಿಟ್ಟರು. ತುತ್ತೂರಿ ಕೇಳಿಸ್ತಿಲ್ವಾ?"

ಕೇಳಿಸುತ್ತಿತ್ತು. ಎಂಟಣ್ಣ ಬುಟ್ಟಿ ಸಮೇತ ಓಡಿದ.

ಓಣಿಗೆ ಅಡ್ಡಲಾಗಿ ಚಪ್ಪರ, ಕೆಂಪು ಕುರ್ಚಿ, ಬಿಳಿ ಅಂಗಿಯ ಬ್ಯಾಂಡಿನವರು, ಚಿನ್ನದ ಬಣ್ಣದ ಪೆಟ್ಟಿಗೆ. ಮೊಳೆ ಹೊಡೆದಾಗಿತ್ತು. ಪೆಟ್ಟಿಗೆಯ ಮುಂದೆ ದೊಡ್ಡ ಪಟ. ಪಟ ತೆಗೆಯುವ ಅಂಗಡಿಗಳು ಸತ್ತವರಿಗೆಲ್ಲ ಒಂದೇ ಕೋಟು ತೊಡಿಸಿ, ಒಂದೇ ಟೈ ಕಟ್ಟಿ, ಸುಕ್ಕು ಒರೆಸಿ, ತುಟಿಗೆ ಬಣ್ಣ ಕೊಡುತ್ತವೆ. ಸ್ವಂತ ಹೆಂಡತಿಗೂ ಗುರುತು ಹಿಡಿಯುವುದು ಕಷ್ಟ. ಎಂಟಣ್ಣ ಕಣ್ಣೀರಿನಲ್ಲಿ ಆ ಕೋಟನ್ನು ನೋಡಿದ. ಅಣ್ಣ ಇಷ್ಟು ದೊಡ್ಡ ಮನುಷ್ಯನಾಗಿದ್ದನೇ ಎನಿಸಿತು. ಮುಖ ಅಣ್ಣನದೇ ಎನ್ನುವಂತಿರಲಿಲ್ಲ, ಅಲ್ಲ ಎನ್ನುವಂತೆಯೂ ಇರಲಿಲ್ಲ.

"ಏಳಣ್ಣಾ! ನಾನು ಎಂಟನೆಯವನು ಬಂದಿದೀನೋ! ತಡವಾಗಿ ಬಂದೆನಲ್ಲೋ!" ಎಂದು ನೆಲಕ್ಕೆ ಬಿದ್ದು ಹೊರಳಿದ.

ಬ್ಯಾಂಡು ನಿಂತಿತು. ಬಿಳಿ ಬಟ್ಟೆಯ ವಿಧವೆ ಎದ್ದು ಬಂದಳು. "ಎಂಟನೆಯವನಾ? ದೋಣಿಯಲ್ಲಿ ದೇಶ ಬಿಟ್ಟು ಹೋದ ಎಂಟನೆಯವನಾ?"

ಆ ಮನೆಯಲ್ಲೂ ಒಬ್ಬ ಎಂಟನೆಯವನಿದ್ದ. ಬಹಳ ಹಿಂದೆ ಸಮುದ್ರದ ಕಡೆ ಹೋದವನು ಬದುಕಿದನೋ ಮುಳುಗಿದನೋ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಎಂಟಣ್ಣನಾದರೂ ದೋಣಿಯಲ್ಲಿ ಹೋಗಿದ್ದು ಅಣ್ಣ ತಾನೇ ಎಂದು ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. "ಹೂಂ ಅತ್ತಿಗೆ, ದೋಣೀಲಿ, ದೋಣೀಲೇ," ಎಂದು ಅವಳ ಕಾಲು ಹಿಡಿದ. ಅಣ್ಣನಿಗೆ ಮದುವೆಯಾಗಿದ್ದದ್ದೇ ತನಗೆ ತಿಳಿಯಲಿಲ್ಲವಲ್ಲ ಎಂದು ಇನ್ನಷ್ಟು ಅತ್ತ. ವಿಧವೆ ಅವನ ತಲೆಯನ್ನು ಮಡಿಲಿಗೆಳೆದುಕೊಂಡು ಗೋಳಾಡಿದಳು. ನೆಂಟರು ಗೋಳಾಡಿದರು. ಬ್ಯಾಂಡಿನವರಿಗೂ ತಡೆಯಲಾಗದೆ ತುತ್ತೂರಿಯವನು ಅತ್ತುಕೊಂಡೇ ಊದಿದ್ದರಿಂದ ರಾಗ ಸ್ವಲ್ಪ ಕೆಟ್ಟಿತು. ಯಾರೋ ಎಂಟಣ್ಣನ ಹಣೆಗೆ ಸೂತಕದ ಬಿಳಿ ಪಟ್ಟಿ ಕಟ್ಟಿದರು. ಯಾರೋ ಬುಟ್ಟಿ ತೆಗೆದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯಿಂದ ಒಂದೇ ಒಂದು ಕೂಗು ಕೇಳಿ ನಿಂತಿತು. ಆಮೇಲೆ ಶುಂಠಿ ಹಾಕಿದ ಬಾತುಗಂಜಿಯ ಪರಿಮಳ ಬಂತು.

ಎಂಟಣ್ಣ ಶೀಸೆ ತೆಗೆದು ಮೊದಲ ಲೋಟವನ್ನು ಪೆಟ್ಟಿಗೆಯ ಮುಂದೆ ಸುರಿದ. "ಈ ಲೋಟ ನಿನ್ನದು ಕಣಣ್ಣಾ. ಅವತ್ತು ನಾನು ಕುಡಿದೆ. ನನ್ನದೇ ತಪ್ಪು."

ಸತ್ತವನ ಮಗ ಲೋಯ್, ಮೊದಲಿನಿಂದಲೂ ಈ ಹೊಸ ಚಿಕ್ಕಪ್ಪನನ್ನು ಓರೆಗಣ್ಣಿನಿಂದ ನೋಡುತ್ತಿದ್ದವನು, "ಅಪ್ಪ ಜನ್ಮದಲ್ಲೇ ಹೆಂಡ ಮುಟ್ಟಲಿಲ್ಲ," ಎಂದ.

ಎಂಟಣ್ಣ ಗೆಳೆಯನ ಮುಖ ನೋಡಿದ. ಥೋಯ್ ಕಿವಿಯಲ್ಲಿ, "ಪಟ್ಟಣಕ್ಕೆ ಬಂದರೆ ಮನುಷ್ಯ ಸುಧಾರಿಸ್ತಾನೆ," ಎಂದ. ಎಂಟಣ್ಣನಿಗೆ ಅಣ್ಣನ ಮೇಲೆ ಇನ್ನೂ ಗೌರವ ಹೆಚ್ಚಿತು. ಉಳಿದ ಹೆಂಡವನ್ನು ತುತ್ತೂರಿಯವನು ಮುಗಿಸಿದ.

ಅದೇ ಹೊತ್ತಿಗೆ ಹಿಂದಿನ ಓಣಿಯಿಂದ ಇನ್ನೊಂದು ಪೆಟ್ಟಿಗೆ ಬಂತು. ಬಣ್ಣವಿಲ್ಲದ ಹಲಗೆಯ ಪೆಟ್ಟಿಗೆ, ಧರ್ಮಕ್ಕೆ ಕೊಡುವಂಥದ್ದು. ಹೊತ್ತವರು ಧರ್ಮಸಂಘದ ನಾಲ್ಕು ಜನ. ಬ್ಯಾಂಡಿಲ್ಲ, ಪಟವಿಲ್ಲ; ಹಿಂದೆ ಅನ್ನದಂಗಡಿಯ ಹೆಂಗಸೊಬ್ಬಳು, ಅವಳ ಹಿಂದೆ ಒಂದು ನಾಯಿ. ಚಪ್ಪರ ದಾರಿಗೆ ಅಡ್ಡವಾಗಿತ್ತು. ಅವರ ಲಾರಿ ದೊಡ್ಡ ರಸ್ತೆಯಲ್ಲಿ ಕಾಯುತ್ತಿತ್ತು.

"ಸ್ವಲ್ಪ ಜಾಗ ಬಿಡ್ರಪ್ಪಾ," ಎಂದ ಮುಂದಿದ್ದವನು. ಅವನ ಒಂದು ಹೆಗಲಿಗೆ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಊದುಬತ್ತಿ ಬಟ್ಟಲು. ಎರಡೂ ಸಂಭಾಳಿಸಲಾಗದೆ ಅವನು ಬಿಳಿ ಪಟ್ಟಿ ಕಟ್ಟಿದ್ದ ಎಂಟಣ್ಣನತ್ತ ತಿರುಗಿದ. "ಯಜಮಾನರೇ, ಇವನಿಗೆ ಯಾರೂ ಇಲ್ಲ. ನೀವು ಹೇಗೂ ಪಟ್ಟಿ ಕಟ್ಟಿದೀರಿ. ಈ ಬಟ್ಟಲು ಹಿಡಿದು ರಸ್ತೆ ತನಕ ಮುಂದೆ ನಡೀತೀರಾ? ಪುಣ್ಯ ಬರುತ್ತೆ."

"ನನ್ನ ಸ್ವಂತ ಅಣ್ಣ ಇಲ್ಲಿ ಮಲಗಿದಾನೆ!" ಎಂದು ಎಂಟಣ್ಣ ಗದರಿದ. "ಅವನನ್ನ ಬಿಟ್ಟು ಯಾರ್‍ಯಾರದೋ ಹಿಂದೆ ನಾನ್ಯಾಕೆ ಹೋಗಲಿ? ಬೇರೆ ಯಾರನ್ನಾದ್ರೂ ಕೇಳಿ!" ಗದರಿದರೂ ಮನುಷ್ಯ ಒಳ್ಳೆಯವನು, ಎದ್ದು ಮೇಜು ಪಕ್ಕಕ್ಕೆ ಸರಿಸಿ, ಕುರ್ಚಿ ಎತ್ತಿಟ್ಟು ದಾರಿ ಬಿಟ್ಟ.

ಥೋಯ್‌ಗೆ ಅಷ್ಟು ಹೊತ್ತಿನಿಂದ ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ. ಇಡೀ ಓಣಿ ನೋಡುತ್ತಿದೆ ಎಂದು ಗೊತ್ತಾದ ಕೂಡಲೇ ಅವನು ಮುಂದೆ ಬಂದ. "ಕೊಡಿ ಇಲ್ಲಿ. ಪಟ್ಟಣದ ರೀತಿ ರಿವಾಜು ನಂಗೆ ಗೊತ್ತು," ಎಂದು ಬಟ್ಟಲು ಹಿಡಿದು, ಚೂಪು ಬೂಟು ಟಕಟಕ ಅನ್ನಿಸುತ್ತ ಪೆಟ್ಟಿಗೆಯ ಮುಂದೆ ನಡೆದೇಬಿಟ್ಟ.

"ಬೀದೀಲಿ ಹೋಗೋ ಹೆಣಕ್ಕೆಲ್ಲ ನೆಂಟನಾಗ್ತಾನೆ, ನಾಚಿಕೆಗೆಟ್ಟವನು," ಎಂದು ಎಂಟಣ್ಣ ಬೈದ. ಅವನು ವಾಪಸು ಬಂದಾಗ ಎಂಟಣ್ಣ ಮುಖ ತಿರುಗಿಸಿ ಕೂತಿದ್ದ. ಥೋಯ್ ಯಾಕೋ ಬಡಾಯಿ ಕೊಚ್ಚಲಿಲ್ಲ. ಮೂಲೆಯಲ್ಲಿ ಕೂತು ಬಾತುಗಂಜಿ ಕುಡಿದ.

ಆಮೇಲೆ ವಾರ್ಡಿನ ಅಧಿಕಾರಿ ಬಂದ. ಬಂದವನು ಕೈಮುಗಿದು, ದೇಶಾಂತರ ಹೋದ ತಮ್ಮ ಸರಿಯಾದ ಹೊತ್ತಿಗೆ ಬಂದ ಸುದ್ದಿ ಕೇಳಿ ಸಂತೋಷಪಟ್ಟು, ಸಂತೋಷವನ್ನು ಕಚೇರಿಯ ದನಿಯಲ್ಲೇ ತೋರಿಸಿದ. "ಒಳ್ಳೆಯದಾಯಿತು. ನಿಮ್ಮ ತಂದೆಯವರ ಕ್ಷೌರದಂಗಡಿ ನೆನಪಿದೆಯೇನು?"

"ಕ್ಷೌರದಂಗಡಿಯಾ? ನಮ್ಮಪ್ಪ ಬಾತುಕೋಳಿ ಸಾಕ್ತಿದ್ದ," ಎಂದ ಎಂಟಣ್ಣ.

ಚಪ್ಪರದಲ್ಲಿ ಗಂಜಿ ಹೀರುವ ಸದ್ದು ನಿಂತಿತು.

"ಸತ್ತವರ ಹೆಸರು ಏನು?" ಎಂದ ಅಧಿಕಾರಿ.

"ಏಳು."

"ಅದು ಸರದಿ. ಹೆಸರು?"

ಎಂಟಣ್ಣ ಯೋಚಿಸಿದ. ಅಪ್ಪ ಕರೆದಿದ್ದು ಏಳು, ಅಮ್ಮ ಕರೆದಿದ್ದು ಏಳು, ತಾನು ಕರೆದಿದ್ದು ಏಳಣ್ಣ. ಅದರಾಚೆ ಅಣ್ಣನಿಗೆ ಒಂದು ಹೆಸರಿತ್ತು, ಇದ್ದೇ ಇತ್ತು. ಅದು ನಾಲಿಗೆಗೆ ಬರಲಿಲ್ಲ. ಹಣೆಯ ಬಿಳಿ ಪಟ್ಟಿ ಬೆವರಿನಲ್ಲಿ ನೆನೆಯಿತು.

"ನಾನು ಹೇಳಲಿಲ್ವಾ!" ಎಂದು ಲೋಯ್ ಎದ್ದ. "ಇವನು ಮನೆ ಮೇಲೆ ಕಣ್ಣಿಟ್ಟು ಬಂದೋನು! ಬಿಚ್ಚು ಆ ಪಟ್ಟೀನ!"

"ಮನೆ ಹೊಡೆಯೋಕೆ ಬರೋನು ಎರಡು ಬಾತು ತರ್ತಾನೇನೋ?" ಎಂದಳು ಒಬ್ಬ ಮುದಿ ಅತ್ತೆ. "ಅವೂ ಎಷ್ಟು ಕೊಬ್ಬಿದ ಬಾತು! ಇಂಥ ಅಳು ನಾನು ದುಡ್ಡು ಕೊಟ್ಟ ಕಡೆಯೂ ಕಂಡಿಲ್ಲ. ಇರಲಿ ಬಿಡು."

ವಿಧವೆ ಎಂಟಣ್ಣನ ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದಳು. "ನೀನು ಅವನಲ್ಲ," ಎಂದಳು. "ಪೆಟ್ಟಿಗೆ ಎತ್ತೋ ತನಕ ಆದ್ರೂ ಅವನೇ ಆಗಿರಬಾರದಿತ್ತೇನಪ್ಪಾ?"

ಎಂಟಣ್ಣ ಕೈಮುಗಿದ. "ತಾಯೀ, ಹಾಗಾದ್ರೆ ನನ್ನ ಅಣ್ಣ ಎಲ್ಲಿ? ಸಾಣೆ ಹಿಡಿಯೋನು. ಕತ್ತರಿ, ಚಾಕು. ಸಾಣೆಕಲ್ಲು ಹೊತ್ಕೊಂಡು ಬಂದೋನು."

ಉತ್ತರ ಚಪ್ಪರದ ಬಾಗಿಲಿನಿಂದ ಬಂತು. ಆ ಪೆಟ್ಟಿಗೆಯ ಹಿಂದೆ ನಡೆದಿದ್ದ ಅನ್ನದಂಗಡಿಯ ಹೆಂಗಸು, ದಿಯೆಪ್ ಎಂದು ಅವಳ ಹೆಸರು, ಈ ಮನೆಗೂ ಒಂದು ಊದುಬತ್ತಿ ಹಚ್ಚಲು ಆಗ ತಾನೇ ಬಂದಿದ್ದಳು. ನಾಯಿಯೂ ಬಂದಿತ್ತು.

"ಸಾಣೆ ಏಳಣ್ಣನಾ?" ಎಂದಳು. "ನೀವು ಬಾತುದಿಣ್ಣೆಯ ಎಂಟಣ್ಣನಾ? ಅಯ್ಯೋ ದೇವರೇ. ಫೋನ್ ಮಾಡಿದ್ದು ನಾನೇ. ಗಿರಣಿ ಕಾಲುವೆ ಅಂದೆ, ಹಿಂದಿನ ಓಣಿ, ನನ್ನ ಅನ್ನದಂಗಡಿ ಪಕ್ಕ ಅನ್ನೋದರೊಳಗೆ ಯಾವನೋ ಒಬ್ಬ 'ಗೊತ್ತು ಗೊತ್ತು' ಅಂತ ಇಟ್ಟುಬಿಟ್ಟ. ನಿನ್ನೆ ರಾತ್ರಿ ತನಕ ಬಾಗಿಲು ನೋಡ್ತಿದ್ರು. 'ನನ್ನ ತಮ್ಮ ಬರ್ತಾನೆ, ಬಾತು ತರ್ತಾನೆ, ಪೆದ್ದ, ದಾರಿ ತಪ್ಪಿಸ್ಕೊಂಡಿರ್ತಾನೆ' ಅಂತ ನಗ್ತಿದ್ರು." ಅವಳು ಎಂಟಣ್ಣನ ಹಣೆಯ ಪಟ್ಟಿಯನ್ನು, ಪಕ್ಕಕ್ಕೆ ಸರಿಸಿಟ್ಟ ಮೇಜನ್ನು ನೋಡಿದಳು.

ಎಂಟಣ್ಣನೂ ಆ ಮೇಜನ್ನು ನೋಡಿದ. ಅವನ ಬಾಯಿ ತೆರೆಯಿತು. ಅಷ್ಟು ಹೊತ್ತು ಧಾರಾಳವಾಗಿ ಬಂದಿದ್ದ ಅಳು ಈಗ ಒಂದು ಹನಿಯೂ ಬರಲಿಲ್ಲ. ಎಲ್ಲವನ್ನೂ ಅವನು ಆಗಲೇ ಖರ್ಚು ಮಾಡಿ ಮುಗಿಸಿದ್ದ. ಬಾತಿಲ್ಲ, ಹೆಂಡವಿಲ್ಲ, ಕಣ್ಣೀರಿಲ್ಲ.

ಮೂಲೆಯಲ್ಲಿ ಥೋಯ್ ಗಂಜಿಯ ಬಟ್ಟಲು ಕೆಳಗಿಟ್ಟ. ಕೆಮ್ಮಲು ನೋಡಿದ. ಕೆಮ್ಮು ಬರಲಿಲ್ಲ.

"ಸುಡೋ ಜಾಗದಲ್ಲಿ ಸರದಿ ಇರುತ್ತೆ. ಒಂದೊಂದು ಸಲ ಸಂಜೆ ಆಗುತ್ತೆ. ಈಗಲೇ ಹೋದ್ರೆ ಸಿಕ್ಕಿದ್ರೂ ಸಿಗಬಹುದು," ಎಂದಳು ದಿಯೆಪ್. "ರಸ್ತೆ ದಾಟಿ, ಆ ಕಡೆಯಿಂದ ಬಸ್ಸು."

ಎಂಟಣ್ಣ ಹಣೆಯ ಪಟ್ಟಿ ಬಿಚ್ಚಿ ವಿಧವೆಗೆ ಕೊಡಲು ಹೋದ. ಲೋಯ್ ಕೈಚಾಚಿದ. ವಿಧವೆ ಮಗನ ಕೈ ತಳ್ಳಿ, ಪಟ್ಟಿಯನ್ನು ತಾನೇ ಮತ್ತೆ ಎಂಟಣ್ಣನ ಹಣೆಗೆ ಕಟ್ಟಿ, ಗಂಟು ಬಿಗಿದಳು.

"ಇಟ್ಕೊ. ಬಟ್ಟೆ ಮೇಲೆ ಯಾರ ಹೆಸರೂ ಬರೆದಿಲ್ಲ."

ಇಬ್ಬರೂ ಹೊರಗೆ ಬಂದರು. ಓಣಿಯ ಜನ ಬಾಗಿಲಲ್ಲಿ ನಿಂತು ನೋಡಿದರು. ಚದುರಂಗದವನೂ ಆಟ ನಿಲ್ಲಿಸಿ ನೋಡಿದ. ರಸ್ತೆಯ ಅಂಚಿನಲ್ಲಿ ಒಂದು ಪೆಟ್ರೋಲ್ ಬಂಕು. ಅಲ್ಲಿಂದಾಚೆಗೆ ಬೈಕುಗಳು, ಬೆಳಿಗ್ಗೆಗಿಂತ ಹೆಚ್ಚು. ಥೋಯ್ ಬಂಕಿನ ಹತ್ತಿರ ನಿಂತ. ಎಂಟಣ್ಣ ಓಣಿಯಿಂದ ಇಲ್ಲಿಯ ತನಕ ಅವನನ್ನು ಬೈದಿರಲಿಲ್ಲ, ಹೊಡೆದಿರಲಿಲ್ಲ. ಥೋಯ್‌ಗೆ ಅದೇ ತಡೆಯಲಾಗುತ್ತಿರಲಿಲ್ಲ.

"ಬಯ್ಯೋ ಒಂದು ಸಲ," ಎಂದ.

"ಎಲ್ಲಿ ತನಕ ನಡೆದೆ ಅವನ ಮುಂದೆ?" ಎಂದು ಎಂಟಣ್ಣ ಕೇಳಿದ.

"ಇಲ್ಲಿ ತನಕ. ಲಾರಿ ಆ ಕಡೆ ನಿಂತಿತ್ತು. ಅವರು ಪೆಟ್ಟಿಗೆ ಹೊತ್ಕೊಂಡು ದಾಟಿದ್ರು. ನಂಗೆ ದಾಟೋಕೆ ಭಯ ಆಯ್ತು ಕಣೋ. ಬಟ್ಟಲು ಅವರ ಕೈಗೇ ಕೊಟ್ಟುಬಿಟ್ಟೆ."

"ಏನಾದ್ರೂ ಹೇಳಿದೆಯಾ ಅವನಿಗೆ?"

ಥೋಯ್ ತನ್ನ ಬೂಟು ನೋಡಿಕೊಂಡ. "ಯಾರೋ ಏನೋ ಅಂದ್ಕೊಂಡು ಹೇಳಿದೆ. ಬೇರೆ ಯಾರಿಗೂ ಕೇಳಿಸ್ತಿರಲಿಲ್ಲ ನೋಡು. 'ಹುಷಾರಾಗಿ ಹೋಗ್ಬಾ ಅಣ್ಣ, ನಂಗೂ ಈ ಊರು ಹೊಸದು' ಅಂದೆ."

ಎಂಟಣ್ಣ ಗೆಳೆಯನ ಕೈ ಹಿಡಿದುಕೊಂಡ.

"ಬಾ. ಓಡಬೇಡ, ನಿಲ್ಲಬೇಡ," ಎಂದು ಅವನನ್ನು ಎಳೆದುಕೊಂಡು ರಸ್ತೆಗೆ ಇಳಿದ.